ಪುಟ್ಟ ಗ್ಯಾಸ್ ಒಲೆ ಹಂಪ್ತಾ ಪಾಸ್‌ನ ಚಳಿಯಲ್ಲಿ ಉರಿಯುತ್ತದೆಯೇ?

ನಮಸ್ಕಾರ. ಬೆಂಗಳೂರಿನಲ್ಲಿ ಚೆನ್ನಾಗಿ ಉರಿಯುವ ಒಲೆ ಹಿಮಾಚಲದ ಮನಾಲಿ ಬಳಿಯ ಎತ್ತರದ ಚಾರಣದಾರಿಯಾದ ಹಂಪ್ತಾ ಪಾಸ್‌ನಲ್ಲೂ ಉರಿಯುತ್ತದೆಯೇ, ಗ್ಯಾಸ್ ಎಷ್ಟು ಬೇಕು ಎಂದು ಕೇಳಿದ್ದೀರಿ. ಒಲೆಗಿಂತ ಮೊದಲು ಅದಕ್ಕೆ ಜೋಡಿಸುವ ಗ್ಯಾಸ್ ಡಬ್ಬಿಯ ಮೇಲಿನ ಬರಹವನ್ನು ಓದಿ. ಒಳಗಿರುವುದು ಬರೀ ಬ್ಯೂಟೇನ್ ಅನಿಲವಾದರೆ ಬೇಡವೇ ಬೇಡ. ಸೊನ್ನೆ ಡಿಗ್ರಿಯ ಹತ್ತಿರ ಅದು ಆವಿಯಾಗಲು ತಿಣುಕುತ್ತದೆ. ಐಸೋಬ್ಯೂಟೇನ್ ಕುದಿಯುವುದು ಮೈನಸ್ 12ರಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಇವೆರಡರ ಮಿಶ್ರಣವನ್ನೇ ಕೊಳ್ಳಿ.

ಗ್ಯಾಸ್ ಎಷ್ಟು ಬೇಕೆಂದು ಪರೀಕ್ಷಿಸಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಡಬ್ಬಿಯನ್ನು ತೂಗಿ, ಅರ್ಧ ಲೀಟರ್ ನೀರು ಕುದಿಸಿ, ಮತ್ತೆ ತೂಗಿ. ನಮ್ಮ ತಾರಸಿಯಲ್ಲಿ ಗಾಳಿಯಿಲ್ಲದ ಬೆಳಗ್ಗೆ 7 ಗ್ರಾಂ ಖರ್ಚಾಯಿತು. ಗಾಳಿ ಬೀಸಿದ ಸಂಜೆ 13 ಗ್ರಾಂ! ಆ ಹೊತ್ತಿಗೆ ಡಬ್ಬಿಯ ತಳ ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು, ಮೈತುಂಬ ನೀರಿನ ಹನಿ. ದ್ರವ ಆವಿಯಾಗುವಾಗ ಡಬ್ಬಿಯ ಶಾಖವನ್ನೇ ಹೀರುತ್ತದೆ, ಉರಿ ಕುಗ್ಗುವುದು ಅದಕ್ಕೇ. ಉಗುರುಬೆಚ್ಚಗಿನ ನೀರಿರುವ ತಟ್ಟೆಯಲ್ಲಿ ಡಬ್ಬಿಯನ್ನು ಇಟ್ಟರೆ ಉರಿ ಮತ್ತೆ ಏಳುತ್ತದೆ. ಗಾಳಿಗೆ ಮರೆ ಬೇಕು ನಿಜ, ಆದರೆ ಡಬ್ಬಿಯನ್ನು ಸುತ್ತುವರಿದು ತಗಡು ಕಟ್ಟಬೇಡಿ. ಡಬ್ಬಿ ಕಾದು ಸಿಡಿಯಬಹುದು.

ಎಷ್ಟೇ ಚಳಿಯಿರಲಿ, ಟೆಂಟಿನೊಳಗೆ ಹಚ್ಚಬೇಡಿ. ಉರಿಯಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಮನಾಲಿಯಲ್ಲಿ ಕೊಳ್ಳುವ ಏರ್ಪಾಡು ಮಾಡಿಕೊಳ್ಳಿ.

ಅಂದ ಹಾಗೆ, ಹಂಪ್ತಾ ಪಾಸ್‌ನ ಸುಮಾರು 4,200 ಮೀಟರ್ ಎತ್ತರದಲ್ಲಿ ನೀರು 86 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಹುರಿದ ರವೆ, ಅವಲಕ್ಕಿ ಒಯ್ಯಿರಿ.