ಮಳೆಗಾಲದ ಘಾಟಿಗೆಂದು ಟೈರಿನ ಗಾಳಿ ಇಳಿಸಬಹುದೇ?

ಮಡಿಕೇರಿ–ಸಂಪಾಜೆ ಘಾಟಿಯಲ್ಲಿ ಮಳೆಗಾಲಕ್ಕೆ ಹಿಡಿತ ಸಿಗಲೆಂದು ಕಾರಿನ ಟೈರಿನ ಗಾಳಿಯನ್ನು ಮೂರ್ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಸಬಹುದೇ ಎಂದು ಕೇಳಿದ್ದೀರಿ. ಎರಡು ಮಳೆಗಾಲ ನಾನು ಅದನ್ನೇ ಮಾಡಿದವನು.

ಆಗ ಕುಶಾಲನಗರದಲ್ಲಿ ಕೆಲಸ ಮುಗಿಸಿ ಮಡಿಕೇರಿಗೆ ಹತ್ತಿ ಬಂದು, ಮನೆ ಸೇರುವ ಮುನ್ನ ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸುತ್ತಿದ್ದೆ. ನನ್ನ ಕಾರಿಗೆ ಕಂಪನಿ ಹೇಳಿದ್ದು 33; ಮೀಟರು ಸಾಮಾನ್ಯವಾಗಿ 36 ತೋರಿಸುತ್ತಿತ್ತು. ಹೆಚ್ಚಾಗಿದೆಯೆಂದು ತಿಳಿದು, ಮಳೆಗೆ 30 ಸಾಕೆಂದು ನಾನೇ ಹೇಳಿ ಬಿಡಿಸುತ್ತಿದ್ದೆ. ನನ್ನ ತಪ್ಪು ಶುರುವಾದದ್ದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಸುಮಾರು 30 ಕಿಲೋಮೀಟರ್ ಓಡಿದ ಟೈರು ಬಿಸಿಯಾಗಿರುತ್ತದೆ; ಬಿಸಿ ಐದಾರು ಡಿಗ್ರಿ ಏರಿದಂತೆಲ್ಲ ಒಳಗಿನ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಏರುತ್ತದೆ. ಅಂದರೆ ಆ 36 ಎಂಬುದು ತಣ್ಣಗಿನ ಲೆಕ್ಕದಲ್ಲಿ 33 ಆಗಿದ್ದು, ಗಾಳಿ ಸರಿಯಾಗಿಯೇ ಇತ್ತು. ಬಿಸಿಯಲ್ಲಿ 30ಕ್ಕೆ ಇಳಿಸಿದ ಟೈರು ಬೆಳಗಾಗುವಷ್ಟರಲ್ಲಿ 27ಕ್ಕೆ ಬಂದಿರುತ್ತಿತ್ತು. ಕಂಪನಿಯ ಲೆಕ್ಕಕ್ಕಿಂತ ಮೂರು ಕಡಿಮೆ ಮಾಡಿದ್ದೇನೆಂದು ನಾನು ನಂಬಿದ್ದೆ, ನಿಜವಾಗಿ ಆರು ಕಡಿಮೆಯಾಗಿತ್ತು.

ಎರಡನೆಯ ವರ್ಷದ ಜುಲೈಯಲ್ಲಿ ಮಾವನವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ಘಾಟಿ ಇಳಿದು ಕೊಯನಾಡಿನ ಬಳಿ ರಸ್ತೆಯ ಮೇಲೆ ನಿಂತಿದ್ದ ನೀರಿಗೆ ಕಾರು ನುಗ್ಗಿತು. ಸ್ಟೇರಿಂಗ್ ಒಮ್ಮೆಲೇ ಹಗುರವಾಯಿತು, ತಿರುಗಿಸಿದರೂ ಗಾಡಿ ತಿರುಗಲಿಲ್ಲ. ಎದುರಿನಿಂದ ಬಸ್ಸು ಬರುತ್ತಿತ್ತು. ಹಿಡಿತ ಮರಳಿದ ಕ್ಷಣದಲ್ಲಿ ಎಡಕ್ಕೆ ಎಳೆದು ಚರಂಡಿಗೆ ಇಳಿಸಿದೆ. ಮಾವನವರು ಮಡಿಲಲ್ಲಿದ್ದ ಎಕ್ಸ್‌ರೇ ಲಕೋಟೆಯನ್ನು ಎರಡೂ ಕೈಗಳಲ್ಲಿ ಅವುಚಿಕೊಂಡು ಒಂದು ಮಾತೂ ಆಡದೆ ಕುಳಿತಿದ್ದರು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಮುಂದಿನ ಟೈರಿನ ಪಕ್ಕ ಸೀಳಿತ್ತು. ಪಂಕ್ಚರ್ ಅಂಗಡಿಯವರು ಅದನ್ನು ಹೊರಳಿಸಿ, "ನಡುಭಾಗ ಚೆನ್ನಾಗಿದೆ, ಎರಡು ಅಂಚೂ ಸವೆದಿವೆ ನೋಡಿ ಸಾರ್, ಗಾಳಿ ಇಲ್ಲದೆ ಓಡಿಸಿದ್ದೀರಿ" ಎಂದರು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆಂಬುದು ಕೆಸರಿಗೆ ಸಲ್ಲುವ ಮಾತು. ತೋಟದ ದಾರಿಯಲ್ಲಿ ಮೆಲ್ಲನೆ ಹೋಗುವ ಜೀಪಿನವರು, ಮರಳಿ ತುಂಬಿಸಲು ಪಂಪು ಇದ್ದರೆ, ಬೇಕಾದರೆ ಹಾಗೆ ಮಾಡಲಿ. ನೀರು ಹರಿಯುವ ಡಾಂಬರಿನ ಮೇಲೆ ಗಾಳಿ ಕಡಿಮೆಯಾದಷ್ಟೂ ಟೈರು ಕಡಿಮೆ ವೇಗದಲ್ಲಿಯೇ ತೇಲತೊಡಗುತ್ತದೆ. ಚಾಲಕನ ಬಾಗಿಲು ತೆರೆದರೆ ಅದರ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿರುವ ಸಂಖ್ಯೆಯೇ ಮಳೆಗೂ ಬಿಸಿಲಿಗೂ ಸರಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಅದು ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ನೋಡಿ ತುಂಬಿಸಬೇಡಿ. ಗಾಡಿ ಮೂರು ಗಂಟೆಯಾದರೂ ನಿಂತಿದ್ದ ಮೇಲೆ, ಸ್ವಂತ ಮೀಟರಿನಲ್ಲಿ ಅಳೆಯಿರಿ. ಮಂಗಳೂರಿನಲ್ಲಿ ತುಂಬಿಸಿದ ಗಾಳಿ ಮಡಿಕೇರಿಯ ಎತ್ತರದಲ್ಲಿ ಒಂದೂವರೆ–ಎರಡು ಪಿಎಸ್‌ಐ ಹೆಚ್ಚು ತೋರಿಸಬೇಕು, ಆದರೆ ಇಲ್ಲಿನ ಚಳಿ ಹೆಚ್ಚುಕಡಿಮೆ ಅಷ್ಟನ್ನೇ ಕಳೆಯುತ್ತದೆ. ಆ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಟೈರಿಗೆ ಬರೀ ನೈಟ್ರೋಜನ್ ತುಂಬಿಸಲು ಹಣ ಕೊಡುವುದೂ ದಂಡವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಸಾಮಾನ್ಯ ಗಾಳಿಯಲ್ಲೇ ಶೇಕಡಾ 78ರಷ್ಟು ಅದೇ ಇದೆ.

ನೀವು ಕೇಳದಿದ್ದರೂ, ಸ್ಟೆಪ್ನಿಯನ್ನೂ ಅಳೆಯಿರಿ. ಅಂದು ಚರಂಡಿಯ ಪಕ್ಕ ಮಳೆಯಲ್ಲಿ ನೆನೆಯುತ್ತ ಹೊರತೆಗೆದ ನನ್ನ ಸ್ಟೆಪ್ನಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ತಗ್ಗುತ್ತಿತ್ತು.