ಶಿಬಿರದಲ್ಲಿ ಮಕ್ಕಳು ಕೋಲು, ಹಗ್ಗದಿಂದ ಕಟ್ಟುವ ಗುಡಿಸಲು ಪಕ್ಕಕ್ಕೆ ವಾಲುವುದು ಯಾಕೆ?

ಅದರ ಗೋಡೆ ಚೌಕವಾಗಿರುವುದರಿಂದ. ಹಗ್ಗದ ಗಂಟು ಎಷ್ಟೇ ಬಿಗಿ ಇರಲಿ, ಮೂಲೆ ಸ್ವಲ್ಪ ತಿರುಗಿಯೇ ತಿರುಗುತ್ತದೆ. ನಾಲ್ಕು ಕೋಲುಗಳ ಉದ್ದ ಹಾಗೇ ಇದ್ದರೂ ಚೌಕ ಓರೆಯಾಗಿಬಿಡುತ್ತದೆ. ತ್ರಿಕೋನ ಹಾಗಲ್ಲ. ಕೋಲು ಮುರಿಯಬೇಕು, ಇಲ್ಲವೇ ಗಂಟು ಬಿಚ್ಚಬೇಕು. ಅಲ್ಲಿಯವರೆಗೆ ಆಕಾರ ಕೆಡುವುದಿಲ್ಲ. ಹಾಗಾಗಿ ಪ್ರತಿ ಗೋಡೆಗೂ ಮೂಲೆಯಿಂದ ಮೂಲೆಗೆ ಒಂದು ಓರೆ ಕೋಲು ಕಟ್ಟಿಸಿ.

ಆದರೆ ಇದನ್ನು ಮೊದಲೇ ಹೇಳಿಬಿಡಬೇಡಿ! ತೊಗರಿ ಕಟ್ಟಿಗೆಯಲ್ಲಿ ಒಂದು ಚೌಕ, ಒಂದು ತ್ರಿಕೋನ ಕಟ್ಟಿ ಸುಮ್ನೆ ಅಲ್ಲಾಡಿಸಲು ಕೊಡಿ, ಮಕ್ಕಳೇ ಕಂಡುಕೊಳ್ಳುತ್ತಾರೆ. ಕಲಬುರಗಿಯಲ್ಲಿ ತೊಗರಿ ಕಟ್ಟಿಗೆಗೆ ಬರವೇ? ಹೊದಿಸಲು ಹಳೇ ಸೀರೆ ಸಾಕು. ಪ್ಲಾಸ್ಟಿಕ್ ತಾಡಪತ್ರಿ ಬೇಡ, ನಮ್ಮ ಮೇ ಬಿಸಿಲಿಗೆ ಒಳಗೆ ಕೂತವರು ಬೆಂದು ಹೋಗುತ್ತಾರೆ.