ಗುಲ್ಮಾರ್ಗ್‌ಗೆ ಹೋದ್ರೆ ಹಿಮಾನೇ ಇಲ್ಲ

ಪ್ರಶ್ನೆ: ಅಡಿಕೆ ಕೊಯ್ಲು ಬೇಗ ಮುಗಿಸ್ಕೊಂಡು 2024ರ ಜನವರಿ ಮೊದಲ ವಾರ ಮಕ್ಕಳನ್ನ ಕರ್ಕೊಂಡು ಸ್ಕೀಯಿಂಗ್ ಅಂತ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದ್ವಿ, ನೋಡಿದ್ರೆ ಬರೀ ಒಣಗಿದ ಕಂದು ಹುಲ್ಲು, ಮಗಳು ಬಾಡಿಗೆ ಬೂಟು ಹಾಕ್ಕೊಂಡು ಅದ್ರ ಮೇಲೇ ಅಳ್ತಾ ನಿಂತಿದ್ಲು. ಮತ್ತೆ ಯಾವಾಗ ಹೋಗೋದು ಸಾರ್?
- ಓದುಗರು, ತೀರ್ಥಹಳ್ಳಿ

ಉತ್ತರ: ಓದಿ ಬೇಜಾರಾಯ್ತು ಕಣ್ರೀ. ಅಲ್ಲಿಗೆ ಹಿಮ ತರೋದು ಮೆಡಿಟರೇನಿಯನ್ ಕಡೆಯಿಂದ ಬರೋ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನೋ ವಾಯುಭಾರ ಕುಸಿತ, ನಮ್ಮ ಆಗುಂಬೆಗೆ ಮುಂಗಾರು ಇದ್ದಂಗೆ, ಆ ವರ್ಷ ಅದು ಕೈಕೊಡ್ತು, ಚೆನ್ನಾಗಿ ಹಿಮ ಬಿದ್ದಿದ್ದು ಜನವರಿ ಕೊನೆಗೇ. ಮುಂದಿನ ಸಲ ಫೆಬ್ರವರಿಗೆ ಇಟ್ಕೊಳ್ಳಿ. ಗುಲ್ಮಾರ್ಗ್ ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ, ಗೊಂಡೋಲಾ (ಅಲ್ಲಿನ ಕೇಬಲ್ ಕಾರು) ಎರಡನೇ ಹಂತ ಅಫರ್ವತ್ ಬೆಟ್ಟದ ಕಡೆ 3,900 ದಾಟತ್ತೆ, ಅಲ್ಲಿ ಹಿಮ ಹೆಚ್ಚು ದಿನ ನಿಲ್ಲತ್ತೆ, ಆದ್ರೆ ಇಳಿಜಾರು ಜೋರು, ಈಗಷ್ಟೇ ಕಲಿಯೋ ಮಕ್ಕಳನ್ನ ದಯವಿಟ್ಟು ಅಲ್ಲಿ ಇಳಿಸ್ಬೇಡಿ. ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಕೊಡೋ ರೂಮನ್ನೇ ಬುಕ್ ಮಾಡಿ.